ನಿಮಗಿದು ಗೊತ್ತೇ? ಬಸುರಿಯ ಬಿಪಿ ಸದ್ದಿಲ್ಲದೆ ಏರುತ್ತದೆ

● ಬಸುರಿಯ ಬಿಪಿ 140/90 ಮುಟ್ಟಿದರೆ ಹೆಚ್ಚೆಂದೇ ಲೆಕ್ಕ. ಎರಡರಲ್ಲಿ ಒಂದು ಅಂಕಿ ಅಲ್ಲಿಗೆ ಬಂದರೂ ಸಾಕು. 160/110 ಆದರೆ ತುರ್ತು. ‘ನಾಳೆ ನೋಡೋಣ’ ಎನ್ನುವಂತಿಲ್ಲ.

● ಎಷ್ಟೋ ಗರ್ಭಿಣಿಯರಿಗೆ ಬಿಪಿ ಏರಿದ್ದು ಗೊತ್ತೇ ಆಗುವುದಿಲ್ಲ. ತಲೆನೋವಿಲ್ಲ, ಸುಸ್ತಿಲ್ಲ. ತೋಳಿಗೆ ಪಟ್ಟಿ ಕಟ್ಟಿ ನೋಡಿದರಷ್ಟೇ ತಿಳಿಯುವುದು.

● 20 ವಾರ ತುಂಬಿದ ಮೇಲೆ ಬಿಪಿ ಏರಿ, ಜೊತೆಗೆ ಮೂತ್ರದಲ್ಲಿ ಪ್ರೊಟೀನ್ ಹೋಗತೊಡಗಿದರೆ ಅಥವಾ ಲಿವರ್, ಕಿಡ್ನಿ ಏರುಪೇರಾದರೆ ಅದು ಗರ್ಭನಂಜು. ಡಾಕ್ಟರರ ಮಾತಿನಲ್ಲಿ ಪ್ರಿ-ಎಕ್ಲಾಂಪ್ಸಿಯಾ. ತೊಂದರೆಯ ಬೇರು ಇರುವುದು ಮಾಸಿನಲ್ಲಿ. ಮಾತ್ರೆಗಳು ಬಿಪಿಯನ್ನು ಹಿಡಿದಿಡುತ್ತವೆ, ಅಷ್ಟೇ. ಹೆರಿಗೆಯೇ ನಿಜವಾದ ಮದ್ದು.

● ಗರ್ಭನಂಜು ಕೈಮೀರಿದರೆ ಫಿಟ್ಸ್ ಬರುತ್ತದೆ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಬಗ್ಗೆ ಜನರನ್ನೇ ಮಾತಾಡಿಸಿತು. ಬಿಪಿ ಎಂದರೆ ಅವರಿಗೆ ಗೊತ್ತಿತ್ತು. ಅದಕ್ಕೆ ‘ಟೆನ್ಷನ್’ ಕಾರಣ ಎಂದರು. ಬಸುರಿಗೆ ಫಿಟ್ಸ್ ಏಕೆ ಬರುತ್ತದೆಂದು ಕೇಳಿದಾಗ ರಕ್ತಹೀನತೆ, ಟಿಟಿ ಚುಚ್ಚುಮದ್ದು ತಪ್ಪಿದ್ದು, ಬೆಂಕಿ ಅಥವಾ ನೀರಿನ ಹತ್ತಿರ ಹೋದದ್ದು ಎಂಬ ಕಾರಣಗಳು ಬಂದವು. ಉಪಚಾರ? ಈರುಳ್ಳಿ ಮೂಸಿಸುವುದು, ಕೈಗೆ ಕಬ್ಬಿಣ ಕೊಡುವುದು, ಕೈಕಾಲು ಬೆರಳು ಹಿಸುಕುವುದು. ಇವುಗಳಲ್ಲಿ ಯಾವುದೂ ಕೆಲಸಕ್ಕೆ ಬರುವುದಿಲ್ಲ. ಹೊತ್ತು ಮಾತ್ರ ಕಳೆಯುತ್ತದೆ. ಎಡ ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕದೆ, 108ಕ್ಕೆ ಫೋನ್ ಮಾಡಿ.

● ಆಸ್ಪತ್ರೆಯಲ್ಲಿ ಕೊಡುವ ಮ್ಯಾಗ್ನೀಸಿಯಂ ಸಲ್ಫೇಟ್ ಚುಚ್ಚುಮದ್ದು ದುಬಾರಿಯೇನಲ್ಲ. ಸುಮಾರು 10,000 ಮಹಿಳೆಯರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಫಿಟ್ಸ್‌ನ ಅಪಾಯವನ್ನು ಅರ್ಧಕ್ಕೂ ಕೆಳಗೆ ಇಳಿಸಿತ್ತು.

● ಸರ್ಕಾರಿ ಆಸ್ಪತ್ರೆಯ ಕ್ಯಾಲ್ಸಿಯಂ ಮಾತ್ರೆ ಬರೀ ಮೂಳೆಗಲ್ಲ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಿರುವವರಿಗೆ ಅದು ಗರ್ಭನಂಜಿನ ಅಪಾಯವನ್ನೂ ತಗ್ಗಿಸುತ್ತದೆ. ದಿನಕ್ಕೆ 1,500 ಮಿಲಿಗ್ರಾಂ ಬೇಕೇ, 500 ಸಾಕೇ? ಬೆಂಗಳೂರಿನಲ್ಲಿ 11,000 ಚೊಚ್ಚಲ ಗರ್ಭಿಣಿಯರ ಮೇಲೆ ನಡೆಸಿದ ಪ್ರಯೋಗ 2024ರಲ್ಲಿ ಉತ್ತರ ಕೊಟ್ಟಿತು: 500 ಕೂಡ ಅಷ್ಟೇ ಪರಿಣಾಮಕಾರಿ. ಹಾಗೆಂದು ಮಾತ್ರೆಯನ್ನು ಡಬ್ಬಿಯಲ್ಲೇ ಬಿಟ್ಟರೆ ಯಾವ ಪ್ರಮಾಣವೂ ಫಲ ಕೊಡದು.

● ಉಪ್ಪು ಬಿಟ್ಟರೆ ಗರ್ಭನಂಜು ಬಾರದೆಂಬುದಕ್ಕೆ ಆಧಾರವಿಲ್ಲ. (ಉಪ್ಪಿನಕಾಯಿ ಭರಣಿಗೆ ಇದು ಅನುಮತಿ ಪತ್ರವಲ್ಲ!)

● ಕಾಲು ಊದುವುದು ಬಸುರಿಯರಲ್ಲಿ ಮಾಮೂಲು. ಮುಖ, ಕೈ ದಿಢೀರನೆ ಊದಿಕೊಂಡರೆ, ಬಿಡದ ತಲೆನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ಬಲಕ್ಕೆ ನೋವು ಕಾಣಿಸಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

● ಚೊಚ್ಚಲು, ಅವಳಿ, ಸಕ್ಕರೆ ಕಾಯಿಲೆ, ಹಿಂದಿನ ಬಾರಿ ಗರ್ಭನಂಜು: ಇವರಿಗೆ ಅಪಾಯ ಹೆಚ್ಚು. ಅಪಾಯ ಜಾಸ್ತಿ ಇರುವವರಿಗೆ ವೈದ್ಯರು ಆರಂಭದ ತಿಂಗಳುಗಳಲ್ಲೇ ಕಡಿಮೆ ಪ್ರಮಾಣದ ಆಸ್ಪಿರಿನ್ ಬರೆದುಕೊಡುವುದುಂಟು. ನೀವಾಗಿ ನುಂಗಬೇಡಿ.

● ಹೆರಿಗೆಯಾದ ಕೂಡಲೇ ಗಂಡಾಂತರ ಮುಗಿಯಲಿಲ್ಲ. ಬಾಣಂತಿಗೂ ಫಿಟ್ಸ್ ಬರಬಹುದು, ಮೊದಲ ಕೆಲವು ದಿನಗಳಲ್ಲಂತೂ ಎಚ್ಚರ ಬೇಕೇ ಬೇಕು. ‘ಗಾಳಿ ಸೋಕಿದೆ’ ಎಂದು ಮಂತ್ರ ಹಾಕಿಸಲು ಓಡಬೇಡಿ.

● ತಾಯಿ ಕಾರ್ಡಿನಲ್ಲಿ ಬಿಪಿ ಬರೆಯಲು ಜಾಗವಿದೆ. ಮುಂದಿನ ತಪಾಸಣೆಯಲ್ಲಿ ನರ್ಸಮ್ಮನನ್ನು ‘ನನ್ನ ಬಿಪಿ ಎಷ್ಟಿದೆ?’ ಎಂದು ಕೇಳಿ. ‘ನಾರ್ಮಲ್’ ಎಂದರೆ ಸುಮ್ಮನಾಗಬೇಡಿ. ಎರಡೂ ಅಂಕಿಗಳನ್ನು ಬರೆಸಿಕೊಂಡೇ ಏಳಿ.