ಹೊಲದ ಗೊಬ್ಬರ, ಸರೋವರದ ಪಾಚಿ

ಪ್ರಶ್ನೆ: ಹೊಲಕ್ಕೆ ಹಾಕಿದ ರಂಜಕದ ಗೊಬ್ಬರ ದೂರದ ಸರೋವರವನ್ನು ಕೆಡಿಸುವುದು ಹೇಗೆ? ತಡೆಯಬಹುದೇ?

ಸಿಹಿನೀರಿನ ಪಾಚಿಗೆ ಬೆಳಕು, ಇಂಗಾಲ ಧಾರಾಳವಾಗಿ ಸಿಗುತ್ತವೆ. ಕೊರತೆ ಸಾಮಾನ್ಯವಾಗಿ ರಂಜಕದ್ದೇ. ಹಂಡೆ ತುಂಬ ಹಾಲಿದ್ದರೂ ಮೊಸರಾಗಲು ಒಂದು ಚಮಚ ಹೆಪ್ಪು ಬೇಕಲ್ಲ, ಹಾಗೆ. ಮಳೆ ಸುರಿದಾಗ ರಂಜಕ ನೀರಿನಲ್ಲಿ ಕರಗಿಯೋ ಮಣ್ಣಿನ ಕಣಗಳಿಗೆ ಅಂಟಿಕೊಂಡೋ ಹೊಳೆ ಸೇರುತ್ತದೆ. ಆ ಹೆಪ್ಪು ಬಿದ್ದರೆ ಸರೋವರವೆಲ್ಲ ಹಸಿರು!

ಅಮೆರಿಕದ ಈರಿ ಸರೋವರಕ್ಕೆ ಮೌಮೀ ನದಿ ಹೊಲಗಳ ರಂಜಕವನ್ನು ಹೊತ್ತು ತರುತ್ತದೆ. 2014ರ ಆಗಸ್ಟ್‌ನಲ್ಲಿ ಅಲ್ಲಿನ ನೀಲಿ-ಹಸಿರು ಪಾಚಿಯ ವಿಷದಿಂದಾಗಿ ಟೊಲೀಡೊ ನಗರದವರು ಸುಮಾರು 3 ದಿನ ನಲ್ಲಿ ನೀರು ಕುಡಿಯುವಂತಿರಲಿಲ್ಲ.

ತಡೆ ಶುರುವಾಗಬೇಕಾದದ್ದು ಹೊಲದಲ್ಲೇ: ಮಣ್ಣು ಪರೀಕ್ಷಿಸಿ ಬೇಕಾದಷ್ಟೇ ಗೊಬ್ಬರ ಕೊಡುವುದು, ಮೇಲೆ ಎರಚದೆ ಮಣ್ಣೊಳಗೆ ಸೇರಿಸುವುದು, ಜೋರು ಮಳೆಯ ಮುನ್ಸೂಚನೆಯಿದ್ದರೆ ಕಾಯುವುದು, ಹೊಳೆಯಂಚಿನಲ್ಲಿ ಹುಲ್ಲಿನ ಪಟ್ಟಿ ಬೆಳೆಸುವುದು.