ಲೆಕ್ಕಪತ್ರಗಳ ರಕ್ಷಣೆಗೆ ನೆಟ್‌ವರ್ಕ್ ಸಂಗ್ರಹ ಸಾಧನ: ಖರೀದಿಗೆ ಮುನ್ನ ತಿಳಿಯಬೇಕಾದುದು

ಬಳ್ಳಾರಿಯ ಜೀನ್ಸ್ ಉಡುಪು ಘಟಕಗಳಲ್ಲಿ, ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ, ಕುರುಗೋಡಿನ ಅಂಗಡಿಗಳಲ್ಲಿ ಕಿರ್ದಿ ಖಾತೆಗಳ ಸ್ಥಾನಕ್ಕೆ ಗಣಕಯಂತ್ರ ಬಂದಿದೆ. ಅಂಗಡಿಯಲ್ಲಿ ಉಳಿದ ಲೆಕ್ಕವನ್ನು ರಾತ್ರಿ ಮನೆಯ ಕಂಪ್ಯೂಟರಿನಲ್ಲಿ ಮುಗಿಸುವವರೂ ಉಂಟು. ಮಾಹಿತಿಯೆಲ್ಲವೂ ಒಂದೇ ಹಾರ್ಡ್ ಡಿಸ್ಕಿನಲ್ಲಿದ್ದು ಅದು ಕೆಟ್ಟರೆ, ಬಾಕಿ ವಸೂಲಿಗೆ ಆಧಾರವೇ ಇಲ್ಲದಂತಾಗುತ್ತದೆ.

ಇದು ಕಾನೂನಿನ ಹೊಣೆಯೂ ಹೌದು. ಕೇಂದ್ರ ಜಿಎಸ್‌ಟಿ ಕಾಯ್ದೆ, 2017ರ 36ನೇ ಕಲಮಿನಂತೆ ನೋಂದಾಯಿತ ವರ್ತಕರು ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಪಾಡಬೇಕು. ಗಣಕೀಕೃತ ದಾಖಲೆಗಳು ಅಪಘಾತ ಅಥವಾ ನೈಸರ್ಗಿಕ ಕಾರಣದಿಂದ ನಾಶವಾದರೆ ಅವುಗಳನ್ನು ಸೂಕ್ತ ಅವಧಿಯಲ್ಲಿ ಮರಳಿ ಪಡೆಯುವಂತೆ ಬ್ಯಾಕಪ್ ಇರಿಸಬೇಕೆಂದು 57ನೇ ನಿಯಮ ವಿಧಿಸುತ್ತದೆ.

ಇದಕ್ಕೆ ಒದಗುವ ಸಾಧನಗಳಲ್ಲೊಂದು ‘ನ್ಯಾಸ್’. ರೂಟರಿಗೆ ಜೋಡಿಸಿದ ಈ ಪೆಟ್ಟಿಗೆಯಲ್ಲಿ ಮನೆ ಅಥವಾ ಕಚೇರಿಯ ಎಲ್ಲ ಕಂಪ್ಯೂಟರುಗಳ ಪ್ರತಿಗಳನ್ನು ನಿಗದಿತ ವೇಳೆಗೆ ತಾನಾಗಿ ಸಂಗ್ರಹಿಸಬಹುದು. ಲೆಕ್ಕದ ತಂತ್ರಾಂಶವು ತೆರೆದಿರುವಾಗ ಅದರ ಕಡತಗಳನ್ನು ನಕಲು ಮಾಡುವುದಕ್ಕಿಂತ ತಂತ್ರಾಂಶದ ಸ್ವಂತ ಬ್ಯಾಕಪ್ ಸೌಲಭ್ಯವನ್ನು ಬಳಸುವುದು ಕ್ಷೇಮ.

ಎರಡು ಡಿಸ್ಕುಗಳ ಪೆಟ್ಟಿಗೆಯಲ್ಲಿ ‘ರೇಡ್ 1’ ವ್ಯವಸ್ಥೆ ಅಳವಡಿಸಿದರೆ ಒಂದು ಕೆಟ್ಟರೂ ಇನ್ನೊಂದು ಕೆಲಸ ಮಾಡುತ್ತದೆ. ಆದರೆ 4 ಟೆರಾಬೈಟಿನ ಎರಡು ಡಿಸ್ಕುಗಳಿಂದ ಸಿಗುವ ಜಾಗ 4 ಟೆರಾಬೈಟ್ ಮಾತ್ರ. ನೆಟ್‌ವರ್ಕಿನ ವೇಗವನ್ನೂ ಗಮನಿಸಬೇಕು. 100 ಗಿಗಾಬೈಟ್ ಮಾಹಿತಿ ಸಾಗಲು ಹಳೆಯ 100 ಮೆಗಾಬಿಟ್ ಸಂಪರ್ಕದಲ್ಲಿ ಸುಮಾರು ಎರಡೂವರೆ ಗಂಟೆ ಬೇಕು. ಗಿಗಾಬಿಟ್ ಸಂಪರ್ಕದಲ್ಲಿ ಹೆಚ್ಚು ಕಡಿಮೆ ಕಾಲು ಗಂಟೆ ಸಾಕು. ಹಠಾತ್ ವಿದ್ಯುತ್ ಕಡಿತದಿಂದ ಕಡತಗಳು ಕೆಡದಂತೆ ಯುಪಿಎಸ್ ಅಗತ್ಯ. ಗಿರಣಿಯ ತೌಡಿನ ಧೂಳು, ಬೇಸಿಗೆಯ ಬಿಸಿಲ ತಾಪ ತಗಲದ ಜಾಗದಲ್ಲಿ ಪೆಟ್ಟಿಗೆಯನ್ನು ಇರಿಸತಕ್ಕದ್ದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಜೋಡಿ ಡಿಸ್ಕು ಬ್ಯಾಕಪ್ ಅಲ್ಲ. ತಪ್ಪಾಗಿ ಅಳಿಸಿದ ಕಡತ ಎರಡರಲ್ಲಿಯೂ ಅದೇ ಕ್ಷಣ ಅಳಿಯುತ್ತದೆ. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಎರಡನ್ನೂ ಕೆಡಿಸುತ್ತದೆ. ಕಳವು, ಬೆಂಕಿ, ನೆರೆಗಳ ಮುಂದೆ ಪೆಟ್ಟಿಗೆ ಒಂದೇ. 2009ರ ನೆರೆಯಲ್ಲಿ ಸಿರುಗುಪ್ಪ ತಾಲ್ಲೂಕು ಅನುಭವಿಸಿದ ಹಾನಿಯನ್ನು ನೆನೆದರೆ ಇದರ ಗಾಂಭೀರ್ಯ ತಿಳಿದೀತು. ಆದ್ದರಿಂದ ಹಳೆಯ ಆವೃತ್ತಿಗಳನ್ನು ಕಾಯ್ದಿಡುವ ‘ಸ್ನ್ಯಾಪ್‌ಶಾಟ್’ ಸೌಲಭ್ಯವುಳ್ಳ ಸಾಧನವನ್ನೇ ಆರಿಸಬೇಕು. ವಾರಕ್ಕೊಮ್ಮೆ ಯುಎಸ್‌ಬಿ ಡಿಸ್ಕಿಗೆ ಪ್ರತಿ ತೆಗೆದು, ಅದನ್ನು ಬಿಡಿಸಿ ಬೇರೆ ಊರಿನಲ್ಲೋ ಬೇರೆ ಕಟ್ಟಡದಲ್ಲೋ ಇರಿಸಬೇಕು.

ಬಂಡವಾಳ ಕಡಿಮೆಯಿದ್ದವರಿಗೆ ಎರಡು ಡಿಸ್ಕುಗಳ ಪೆಟ್ಟಿಗೆಯೊಂದನ್ನೇ ನೆಚ್ಚುವುದಕ್ಕಿಂತ, ಒಂದು ಡಿಸ್ಕಿನ ಪೆಟ್ಟಿಗೆ ಮತ್ತು ಹೊರಗಿರಿಸುವ ಒಂದು ಯುಎಸ್‌ಬಿ ಡಿಸ್ಕು ಹೆಚ್ಚು ಕ್ಷೇಮಕರ.

ಸಾಧನದೊಡನೆ ಬಂದ ಮೂಲ ಗುಪ್ತಪದವನ್ನು ಮೊದಲ ದಿನವೇ ಬದಲಿಸಿ, ಅಂತರಜಾಲದಿಂದ ನೇರ ಪ್ರವೇಶಕ್ಕೆ ಅವಕಾಶ ಕೊಡದಿರುವುದು ಒಳಿತು. ತಯಾರಕರು ಎಷ್ಟು ವರ್ಷ ತಂತ್ರಾಂಶ ಪರಿಷ್ಕರಣೆ ಒದಗಿಸುವರೆಂಬುದನ್ನು ಖರೀದಿಗೆ ಮೊದಲೇ ವಿಚಾರಿಸಬೇಕು. ಮೂರು ತಿಂಗಳಿಗೊಮ್ಮೆ ಹಳೆಯ ಪ್ರತಿಯೊಂದನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ಖಾತೆಯ ಶಿಲ್ಕು ತಾಳೆಯಾಗುವುದೇ ಎಂದು ಪರೀಕ್ಷಿಸತಕ್ಕದ್ದು. ಮರಳಿ ತೆರೆಯದ ಪ್ರತಿಯನ್ನು ಆಸ್ತಿಯೆಂದು ಎಣಿಸಲಾಗದು.