ಸವಳಂಗ ರಸ್ತೆಯಲ್ಲಿ ಹಾಸಿಗೆಯ ಲೆಕ್ಕ

ಸವಳಂಗದ ಕೂಡುರಸ್ತೆಯಲ್ಲಿ ನಿಂತರೆ ಮೂರು ದಾರಿ: ಶಿಕಾರಿಪುರ, ನ್ಯಾಮತಿ, ಶಿವಮೊಗ್ಗ. ಎಕ್ಸ್‌ರೇ ಕವರು, ಕಂಬಳಿ, ಸ್ಟೀಲ್ ಡಬ್ಬಿ ಹಿಡಿದು ಬಸ್ಸಿಗೆ ಕಾದವರನ್ನು ಎಲ್ಲಿಗೆ ಎಂದು ಕೇಳಬೇಕಿಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ. ಊರು ದಾವಣಗೆರೆ ಜಿಲ್ಲೆಯದು, ಆಸ್ಪತ್ರೆ ಶಿವಮೊಗ್ಗ ಜಿಲ್ಲೆಯದು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳು ಶಿವಮೊಗ್ಗದಿಂದ ಆಚೆ ಹೋದವು. ಅಂದಿನಿಂದ ಇಲ್ಲಿಯವರ ಕಡತ ಒಂದು ದಿಕ್ಕಿಗೆ, ಕಾಯಿಲೆ ಇನ್ನೊಂದು ದಿಕ್ಕಿಗೆ.

ಯಾವ ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ಇರಬೇಕು, ಯಾರನ್ನು ಎಲ್ಲಿಗೆ ಕಳಿಸಬೇಕು ಎಂಬುದನ್ನು ಗಣಿತದಿಂದ ಬಿಡಿಸಬಹುದು ಎಂದು ಓದಿದ್ದೆ. ಓದಿದ್ದನ್ನು ರಸ್ತೆಯ ಮೇಲಿಟ್ಟು ನೋಡೋಣ ಎಂದು, ರೋಗಿ ಬರುವ ದಿಕ್ಕಿನಲ್ಲೇ ಬಸ್ಸು ಹತ್ತಿದೆ.

ಅಬ್ಬಲಗೆರೆ ದಾಟಿ ನವುಲೆಯಲ್ಲಿ ಇಳಿದೆ. ಕೃಷಿ ಕಾಲೇಜು, ಕ್ರಿಕೆಟ್ ಮೈದಾನ, 1980ರಲ್ಲಿ ಶುರುವಾದ ಜವಾಹರಲಾಲ್ ನೆಹರೂ ಇಂಜಿನಿಯರಿಂಗ್ ಕಾಲೇಜು ಎಲ್ಲ ಈ ಆಸುಪಾಸಿನಲ್ಲೇ. ಇಂಥ ಕಾಲೇಜುಗಳಲ್ಲಿ ‘ಆಪರೇಷನ್ಸ್ ರಿಸರ್ಚ್’ ಅಂತ ಒಂದು ವಿಷಯವಿದೆ. ಅಮೆರಿಕದ ಜಾರ್ಜ್ ಡಾಂಟ್ಜಿಗ್ 1947ರಲ್ಲಿ ಕೊಟ್ಟ ಸಿಂಪ್ಲೆಕ್ಸ್ ವಿಧಾನ ಅದರ ಬೆನ್ನೆಲುಬು. ಕಾರ್ಖಾನೆಯಿಂದ ಗೋದಾಮಿಗೆ ಕಡಿಮೆ ಖರ್ಚಿನಲ್ಲಿ ಸಿಮೆಂಟ್ ಚೀಲ ಸಾಗಿಸುವ ಲೆಕ್ಕ ಹಾಕಿ ಹಾಕಿ ಹುಡುಗರು ಪರೀಕ್ಷೆ ಪಾಸಾಗುತ್ತಾರೆ. ಚೀಲದ ಜಾಗದಲ್ಲಿ ರೋಗಿ, ಗೋದಾಮಿನ ಜಾಗದಲ್ಲಿ ಆಸ್ಪತ್ರೆ ಇಟ್ಟರೆ ಅದೇ ಲೆಕ್ಕ. ಕಾಲೇಜಿನ ಗೇಟಿನ ಮುಂದೆಯೇ ಆಂಬ್ಯುಲೆನ್ಸ್ ಕೂಗಿಕೊಂಡು ಹೋಗುತ್ತಿರುತ್ತದೆ, ಒಳಗೆ ಬೋರ್ಡಿನ ಮೇಲೆ ಸಿಮೆಂಟ್.

ಗೇಟಿನೆದುರಿನ ಚಹಾದಂಗಡಿಯಲ್ಲಿ ಕೂತು ನಾನೂ ಒಂದು ಲೆಕ್ಕ ಬರೆದೆ. ಅಂಕಿಗಳು ನನ್ನ ಅಂದಾಜು. ಇಬ್ಬರಿಗೆ ಐಸಿಯು ಬೇಕು, ಒಬ್ಬರು ಸವಳಂಗದವರು, ಇನ್ನೊಬ್ಬರು ಚನ್ನಗಿರಿಯವರು. ಶಿವಮೊಗ್ಗದಲ್ಲಿ ಒಂದು ಹಾಸಿಗೆ ಖಾಲಿ, ದಾವಣಗೆರೆಯಲ್ಲಿ ಒಂದು. ಸವಳಂಗದಿಂದ ಶಿವಮೊಗ್ಗಕ್ಕೆ 40 ನಿಮಿಷ, ದಾವಣಗೆರೆಗೆ 100. ಚನ್ನಗಿರಿಯಿಂದ ಶಿವಮೊಗ್ಗಕ್ಕೆ 60, ದಾವಣಗೆರೆಗೆ 70. ಚನ್ನಗಿರಿಯ ಫೋನ್ ಮೊದಲು ಬಂತು ಎನ್ನಿ. ಹತ್ತಿರದ ಹಾಸಿಗೆ ಎಂದು ಶಿವಮೊಗ್ಗದ್ದನ್ನು ಕೊಟ್ಟುಬಿಟ್ಟರೆ ಸವಳಂಗದವರು ದಾವಣಗೆರೆಗೆ ಹೋಗಬೇಕು. ಒಟ್ಟು 160 ನಿಮಿಷ. ಚನ್ನಗಿರಿಯವರು ಹತ್ತೇ ನಿಮಿಷ ಹೆಚ್ಚು ದೂರ ಹೋದರೆ ಒಟ್ಟು 110ಕ್ಕೆ ಇಳಿಯುತ್ತದೆ. ಇನ್ನು ಜಿಲ್ಲೆಯ ಗೆರೆ ನೋಡಿ ಕಳಿಸಿದರೋ, ಇಬ್ಬರೂ ದಾವಣಗೆರೆಯವರೇ. ಅಲ್ಲಿರುವುದು ಒಂದೇ ಹಾಸಿಗೆ, ಶಿವಮೊಗ್ಗದ್ದು ಖಾಲಿ ಬಿದ್ದಿರುತ್ತದೆ.

ಇಬ್ಬರಾದ್ದರಿಂದ ಚಹಾ ಆರುವುದರೊಳಗೆ ಮುಗಿಯಿತು. ಹತ್ತು ತಾಲ್ಲೂಕು, ನಾಲ್ಕು ಬಗೆಯ ವಾರ್ಡು, ಸರ್ಕಾರಿ-ಖಾಸಗಿ ಸೇರಿದರೆ ಮನುಷ್ಯರ ತಲೆಗೆ ನಿಲುಕದು, ಕಂಪ್ಯೂಟರೇ ಬೇಕು.

ಆದರೆ ಕಂಪ್ಯೂಟರಿಗೂ ಮೊದಲು ಒಂದು ಮಾತು ಹೇಳಿಕೊಡಬೇಕು: ಏನನ್ನು ಕಡಿಮೆ ಮಾಡಬೇಕು? ಎಲ್ಲರ ಪ್ರಯಾಣದ ಒಟ್ಟು ಮೊತ್ತ ಎಂದರೆ ಅದು ಜನ ಹೆಚ್ಚಿರುವ ಕಡೆಗೇ ಹಾಸಿಗೆ ಸುರಿಯುತ್ತದೆ. ಶರಾವತಿ ಹಿನ್ನೀರಿನಾಚೆಯ ನಾಲ್ಕು ಮನೆಯವರು ಮೊತ್ತದಲ್ಲಿ ಕರಗಿಹೋಗುತ್ತಾರೆ. ಅತಿ ದೂರದವರ ಪ್ರಯಾಣವನ್ನು ಕಡಿಮೆ ಮಾಡು ಎಂದರೆ ಉತ್ತರವೇ ಬೇರೆ, ಪೇಟೆಯ ಸಾವಿರ ಜನ ಸ್ವಲ್ಪ ಸ್ವಲ್ಪ ಕಾಯಬೇಕಾಗುತ್ತದೆ. ಎರಡೂ ಗಣಿತದ ಪ್ರಕಾರ ಸರಿಯೇ. ನನ್ನನ್ನು ಕೇಳಿದರೆ ಹಿನ್ನೀರಿನವರ ಕಡೆಗೇ ಒಂದು ತೂಕ ಹೆಚ್ಚು ಹಾಕುತ್ತೇನೆ. ನಾನೇನೋ ಪೇಟೆಯವ, ಹೇಳುವುದು ಸುಲಭ.

ನಡೆಯುತ್ತ ಪೇಟೆಯ ಕಡೆ ಬಂದೆ. ಉಷಾ ನರ್ಸಿಂಗ್ ಹೋಂ ಬಳಿ ಮೊದಲು ರೈಲ್ವೆ ಗೇಟಿತ್ತು, ಈಗ ಮೇಲ್ಸೇತುವೆ. ಗೇಟು ಬಿದ್ದಿದ್ದಾಗ ಆಂಬ್ಯುಲೆನ್ಸ್ ಆದರೇನು, ಎತ್ತಿನ ಗಾಡಿಯಾದರೇನು, ರೈಲು ಹೋಗುವವರೆಗೆ ನಿಲ್ಲಲೇಬೇಕಿತ್ತು. ಹಾಗಾಗಿ ಈ ಲೆಕ್ಕವನ್ನು ಕಿಲೋಮೀಟರಿನಲ್ಲಿ ಹಾಕುವವರು ಅರ್ಧ ತಪ್ಪಿದಂತೆ, ನಿಮಿಷದಲ್ಲೇ ಹಾಕಬೇಕು. ಮೇಲ್ಸೇತುವೆಯೊಂದು ಹಾಸಿಗೆಯನ್ನೇನೂ ಹೆಚ್ಚಿಸುವುದಿಲ್ಲ, ಇರುವ ಹಾಸಿಗೆಯನ್ನು ಹಳ್ಳಿಗೆ ಹತ್ತಿರ ತರುತ್ತದೆ.

ಹಾಸಿಗೆಯ ಬೇಡಿಕೆಯೂ ಒಂದೇ ಸಮ ಇರುವುದಿಲ್ಲ. ಸೇತುವೆಯ ಮೇಲೆ ನಿಂತಾಗ ಭದ್ರಾವತಿಯ ನೆನಪಾಯಿತು. ಅಲ್ಲಿ ಉಕ್ಕಿನ ಕಾರ್ಖಾನೆಗೆ ಅದರದೇ ಆಸ್ಪತ್ರೆ. ಕಾರ್ಖಾನೆ ಸೊರಗಿದರೆ ಅಂಥ ಆಸ್ಪತ್ರೆಯೂ ಸೊರಗುತ್ತದೆ, ಅದರ ಭಾರವನ್ನು ಪಕ್ಕದ ಪೇಟೆ ಹೊರಬೇಕಾಗುತ್ತದೆ. ಋತುವಿಗೂ ಒಂದು ಭಾರವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಚಳಿ, ಬೇಸಿಗೆಯಲ್ಲೇ ಹೆಚ್ಚು. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಹಬ್ಬಿದಾಗ ರೋಗಿಗಳು ಘಟ್ಟ ಇಳಿದು ಮಣಿಪಾಲಕ್ಕೆ ಹೋದರು. ಅವರ ಲೆಕ್ಕದಲ್ಲಿ ಮಣಿಪಾಲವೂ ಈ ಸೀಮೆಯದೇ.

ಬೇಡಿಕೆ ಹೀಗೆ ಏರಿಳಿಯುವಾಗ ಎಲ್ಲ ಹಾಸಿಗೆಯನ್ನೂ ತುಂಬಿಸಿಡುವುದು ಜಾಣತನವಲ್ಲ. ದಿನಕ್ಕೆ ಸರಾಸರಿ 10 ಜನ ಸೇರಿ, ತಲಾ 5 ದಿನ ಉಳಿದರೆ 50 ಹಾಸಿಗೆ ಸಾಕು ಎನಿಸುತ್ತದೆ. ಆದರೆ ರೋಗಿಗಳು ಸರಾಸರಿಯಂತೆ ಬರುವುದಿಲ್ಲ, ಸೋಮವಾರ 16, ಮಂಗಳವಾರ 6. ಡೆನ್ಮಾರ್ಕಿನ ಎರ್ಲಾಂಗ್ ಎಂಬಾತ ನೂರು ವರ್ಷದ ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಎಷ್ಟು ತಂತಿ ಬೇಕೆಂದು ಕಟ್ಟಿದ ಸೂತ್ರವೇ ಇಲ್ಲಿಗೂ ಹೊಂದುತ್ತದೆ. ‘ಬೆಡ್ ಖಾಲಿ ಇಲ್ಲ’ ಎಂಬ ಉತ್ತರ ಅಪರೂಪವಾಗಬೇಕಾದರೆ ಒಂದಷ್ಟು ಬೆಡ್ಡು ಸುಮ್ಮನೆ ಖಾಲಿ ಇರಲೇಬೇಕು. ಆಡಿಟ್‌ನವರಿಗೆ ಅದು ದಂಡವಾಗಿ ಕಾಣುತ್ತದೆ. ಅಲ್ಲದೆ ಹಾಸಿಗೆ ಎಂದರೆ ಮಂಚವಷ್ಟೇ ಅಲ್ಲ, ಪಕ್ಕದಲ್ಲಿ ರಾತ್ರಿ ಪಾಳಿಯ ನರ್ಸ್ ಇರಬೇಕು, ಪೈಪಿನಲ್ಲಿ ಆಮ್ಲಜನಕ ಇರಬೇಕು. 2021ರ ಕೋವಿಡ್ ಅಲೆಯಲ್ಲಿ ನಾಡಿಗೆಲ್ಲ ಅದು ಗೊತ್ತಾಯಿತು.

ಸಂಜೆಯಾಗಿತ್ತು. ನವುಲೆ ಕಡೆಯಿಂದ 108 ಆಂಬ್ಯುಲೆನ್ಸ್ ಒಂದು ಮೇಲ್ಸೇತುವೆ ಏರಿ, ವೇಗ ತಗ್ಗಿಸದೆ ಪೇಟೆಯೊಳಗೆ ಇಳಿಯಿತು. ಹಿಂದೆಯೇ ಒಂದು ಬೈಕು, ಅದರ ಮೇಲೆ ಇಬ್ಬರು. ಹಿಂದೆ ಕೂತವನ ತೊಡೆಯ ಮೇಲೆ ಕಂಬಳಿ ಮತ್ತು ಸ್ಟೀಲ್ ಡಬ್ಬಿ.